ಜರುಗಿದ ನೀಲಿ

ಹಳೆಯ ನಕ್ಷೆಯ ಹಾಳೆಗೆ ಒಂದು ದಿನದ ಕೂಲಿ, ಗುದ್ದಲಿಗೆ ಹೊಸ ಕಾವು, ಮೂರು ಒಣ ಗುಂಡಿಗಳಿಗೆ ಒಂದು ಸೊಂಟ. ಮೇಲಿನ ಊರಿನ ನೀರಿಗಾಗಿ ಈ ನೀರುಗಂಟಿ ತೆತ್ತದ್ದು ಮೊದಲಿಗೆ ಇಷ್ಟು.

ಬೆಳಕು ಹರಿಯುವ ಹೊತ್ತಿಗೆ ಅವರು ಬೆಟ್ಟದ ಹೆಗಲ ಮೇಲಿರುತ್ತಾರೆ. ಕೊಳವೆಗೆ ಕಿವಿಯಿಟ್ಟು ನೀರು ಎಲ್ಲಿ ತಡೆದಿದೆ ಎಂದು ಕೇಳುತ್ತಾರೆ, ಗಾಳಿ ಕಟ್ಟಿದ್ದರೆ ತಿರುಪು ಸಡಿಲಿಸುತ್ತಾರೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಹೋದ ಬೇಸಿಗೆಯಲ್ಲಿ ಊರಿನ ಒರತೆ ಬತ್ತಿತು. ಬೇರೆ ನೀರು ಸಿಗದಿದ್ದರೆ ಹನ್ನೊಂದು ಮನೆಗಳೂ ಗಂಟುಮೂಟೆ ಕಟ್ಟಿ ಕೆಳಗಿಳಿಯಬೇಕಿತ್ತು. ಅದರಲ್ಲಿ ಅವರದೂ ಒಂದು.

ಆಗ ತರಿಸಿದ್ದು ಈ ನಕ್ಷೆ. ಪೊದೆ ನುಂಗಿರುವ ಕತ್ತೆದಾರಿ, ಕಲ್ಲುಕಟ್ಟೆಯ ಮೆಟ್ಟಿಲುಹೊಲ, ಬಿದ್ದುಹೋದ ಕುರಿದೊಡ್ಡಿ, ಎಲ್ಲವೂ ಅದರಲ್ಲಿವೆ. “ನಾವು ಕಾಡು ಅಂದ್ಕೊಂಡಿದ್ದು ಯಾರದೋ ಹೊಲ ಕಣ್ರೀ,” ಎನ್ನುತ್ತಾರೆ. ಊರಿನ ಮೇಲುಗಡೆ ಒಂದು ನೀಲಿ ಚುಕ್ಕಿಯೂ ಇತ್ತು: ಎಲ್ಲರೂ ಮರೆತ ಇನ್ನೊಂದು ಒರತೆ. ಚುಕ್ಕಿ ತೋರಿಸಿದಲ್ಲಿ ತೋಡಿದರು. ಬರೀ ಧೂಳು. ಆಸುಪಾಸಿನಲ್ಲಿ ಇನ್ನೆರಡು ಗುಂಡಿ ತೋಡಿದರು. ಭಾವಮೈದುನ ಅವರನ್ನು ಹೆಗ್ಗಣ ಎಂದು ಕರೆಯತೊಡಗಿದ.

ತಪ್ಪು ಕಣ್ಣಿಗೆ ಬಿದ್ದದ್ದು ಬಟ್ಟೆ ಹೊಲಿಯುವ ಅವರ ಹೆಂಡತಿಗೆ. ಹೊಲಿಗೆ ಯಂತ್ರದ ಮೇಲೆ ಹರಡಿದ್ದ ಹಾಳೆಯನ್ನು ಎತ್ತಿಡಲು ಹೋದವರು ಹಾಗೇ ನಿಂತರು. ಅಗ್ಗದ ಬಟ್ಟೆಯಲ್ಲಿ ಹೂವಿನ ಬಣ್ಣ ಗೆರೆ ಬಿಟ್ಟು ಪಕ್ಕಕ್ಕೆ ಬೀಳುವುದನ್ನು ದಿನವೂ ನೋಡುವ ಕಣ್ಣು ಅದು.

“ಹಳ್ಳ ದಿಬ್ಬ ಹತ್ತುತ್ತೇನ್ರೀ? ನೀಲಿ ಅಚ್ಚು ಜರುಗಿದೆ. ಎಲ್ಲಾ ಹಳ್ಳನೂ ಒಂದೇ ಕಡೆಗೆ.”

ನಿಜವಾಗಿತ್ತು. ಒಂದೊಂದು ಬಣ್ಣವನ್ನೂ ಬೇರೆಬೇರೆಯಾಗಿ ಅಚ್ಚೊತ್ತಿದ್ದ ಹಾಳೆ ಅದು. ಕಣಿವೆಗಳು ಕಂದು ಗೆರೆಯಲ್ಲಿ ಒಂದು ಕಡೆ, ಹಳ್ಳಗಳು ನೀಲಿಯಲ್ಲಿ ಪಕ್ಕದ ದಿಣ್ಣೆಯ ಮೇಲೆ. ಇಬ್ಬರೂ ತೆಳು ಕಾಗದದ ಮೇಲೆ ನೀಲಿಯನ್ನಷ್ಟೇ ಇಳಿಸಿಕೊಂಡು, ಹಳ್ಳಗಳು ಕಣಿವೆಗೆ ಕೂಡುವವರೆಗೆ ಸರಿಸಿದರು. ಚುಕ್ಕಿ ಹೋಗಿ ಕೂತದ್ದು ಆಕೆಯದೇ ಹುರುಳಿಕಾಯಿ ಪಾತಿಯಲ್ಲಿ. ಉರಿಬಿಸಿಲಲ್ಲೂ ಒಂದು ಚೊಂಬು ನೀರಿಗೆ ಕಾಯಿ ಬಿಡುತ್ತದೆ ಎಂದು ಆಕೆ ಊರಿಗೆಲ್ಲ ಜಂಬ ಕೊಚ್ಚುತ್ತಿದ್ದ ಪಾತಿ.

ನೀರುಗಂಟಿ ಗುದ್ದಲಿ ಮುಟ್ಟಲಿಲ್ಲ. ಆಕೆಯೇ ಬಳ್ಳಿ ಕಿತ್ತರು.

“ಇಷ್ಟು ದಿನ ನನ್ನ ಕೈಗುಣ ಅಂದ್ಕೊಂಡಿದ್ದೆ. ತೋಡಿ.”

ಎದೆಮಟ್ಟ ತೋಡಿದಾಗ ಹೆಬ್ಬೆರಳು ಗಾತ್ರದ ಧಾರೆ ಬಂತು. ಹನ್ನೊಂದು ಮನೆಗಳೂ ಮೇಲೆಯೇ ಇವೆ. ಪಾತಿ ಹೋಯಿತು. ಹುರುಳಿಕಾಯಿಯನ್ನು ಈಗ ಕೆಳಗಿನ ಪೇಟೆಯಿಂದ ಕೊಂಡು ತರುತ್ತಾರೆ.