ಕರ್ನೂಲಿಗೆ ಹೋಗದ ಕಂಪ್ಯೂಟರು

ತಂಬ್ರಹಳ್ಳಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗ್ರಂಥಾಲಯದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಶಿವಲೀಲಾ, ಹಳೆಯ ಕಂಪ್ಯೂಟರಿಗೆ ಹೊಸದಾಗಿ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕುತ್ತಿದ್ದಾರೆ. ಕೊಟ್ಟೂರಿನ ಬಸ್ ನಿಲ್ದಾಣದ ಹಿಂದೆ ಇವರದೊಂದು ಪುಟ್ಟ ರಿಪೇರಿ ಅಂಗಡಿ. ಹೊತ್ತೇರಿದರೆ ಕರೆಂಟು ಕೈಕೊಡುತ್ತದೆಂದು ನಸುಕಿನಲ್ಲೇ ಸ್ಕೂಟಿ ಹತ್ತಿ ಬಂದಿದ್ದಾರೆ.

ಕೆಲಸ ಅರ್ಧಕ್ಕೇ ನಿಂತಿದೆ. ಪರದೆಯ ತುಂಬ ಬಿಳಿ ಅಕ್ಷರಗಳು.

"ಕರ್ನಲ್ ತಕರಾರು ಮಾಡಾಕ ಹತ್ತೈತ್ರಿ."

ಗ್ರಂಥಪಾಲಕ ಕೊಟ್ರಬಸಪ್ಪನವರ ಮುಖ ಬಾಡುತ್ತದೆ. "ಕರ್ನೂಲಿಗೆ ಕಳಿಸಬೇಕೇನವಾ? ಅಲ್ಲಿತನಕ ಯಾರು ಹೊತ್ಕೊಂಡು ಹೋಗ್ತಾರ?"

ಶಿವಲೀಲಾರ ಕೆಲಸ ನೋಡಲೆಂದು ಜೊತೆಗೆ ಬಂದಿರುವ ನನಗೆ ನಗು ತಡೆಯಲಾಗುವುದಿಲ್ಲ. ಅವರು ಮಾತ್ರ ನಗದೆ ಬಿಡಿಸಿ ಹೇಳುತ್ತಾರೆ: "ಕರ್ನೂಲಲ್ರಿ ಸರ, ಕರ್ನಲ್. ಶೇಂಗಾದಾಗ ಬೀಜ ಇರ್ತೈತಲ್ಲ, ಹಂಗ. ನಾವು ನೋಡೋದು ಮ್ಯಾಲಿನ ಸಿಪ್ಪಿ. ಯಂತ್ರ ನಡಿಸೋದು ಆ ಬೀಜ. ಹೊಸಾದು ಈ ಮುದುಕಪ್ಪಗ ಒಗ್ಗವಲ್ದು. ಹಳೇದು ಹಾಕಿ ನೋಡ್ತೀನಿ."

ಈ ಮುದುಕಪ್ಪನನ್ನೇ ನಂಬಿ ಬಾಗಿಲ ಬಳಿ ಕೂತಿದ್ದಾಳೆ ಭೂಮಿಕಾ. ಬಿ.ಎ. ಓದುತ್ತಿರುವ ಈ ಹುಡುಗಿಗೆ ಕಣ್ಣು ಕಾಣದು. ಪಾಠಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದುದು ಇದೇ ಕಂಪ್ಯೂಟರು. ಅದು ಕೆಟ್ಟ ಮೇಲೆ, ಒಂದು ಪುಟ ಓದಿ ಹೇಳಿ ಎಂದು ಕಂಡಕಂಡವರನ್ನು ಕೇಳಿ ಅವಳಿಗೆ ಸಾಕಾಗಿದೆ. ಕಾಲೇಜು ಬಿಡುವ ಮಾತೂ ಆಡಿದ್ದಾಳಂತೆ.

ಶಿವಲೀಲಾ ಈ ವಿದ್ಯೆಯನ್ನು ಯಾವ ಕ್ಲಾಸಿನಲ್ಲೂ ಕಲಿತವರಲ್ಲ. ಹಡಗಲಿಯ ಡಿಟಿಪಿ ಅಂಗಡಿಯಲ್ಲಿ ಮದುವೆ ಪತ್ರಿಕೆ ಟೈಪು ಮಾಡುತ್ತಲೇ, ಮೂಲೆ ಸೇರಿದ ಯಂತ್ರಗಳನ್ನು ಬಿಚ್ಚಿ ಬಿಚ್ಚಿ ಕಲಿತರು. "ಮೊದಲೆಲ್ಲ ರಿಪೇರಿಗೆ ನಾ ಹೋದ್ರ, 'ಯಜಮಾನ್ರು ಬರಲಿಲ್ಲೇನು' ಅಂತಿದ್ರು. ಈಗ ಅವ್ರು ಹೋದ್ರ, 'ಅಕ್ಕ ಎಲ್ಲಿ' ಅಂತಾರ."

ಹಳೆಯ ಕರ್ನಲ್ ಸೇರಿಸಿದ್ದಾಯಿತು. ಯಂತ್ರ ಚಾಲೂ ಮಾಡಿದರೆ ಪರದೆ ಕಪ್ಪು. ಕಾದರೂ ಕಪ್ಪೇ. "ಏಳವಲ್ದು, ಬಂದ್ ಮಾಡ್ತೀನಿ," ಎಂದು ಶಿವಲೀಲಾ ಸ್ವಿಚ್ಚಿನತ್ತ ಕೈ ಚಾಚುತ್ತಾರೆ.

"ತಡೀರಿ ಅಕ್ಕಾ." ಭೂಮಿಕಾ ಎದ್ದು ಬಂದು, ಕೀಲಿಮಣೆ ತಡವಿ, ಓದಿ ಹೇಳುವ ದನಿಯನ್ನು ಎಬ್ಬಿಸುವ ಮೂರು ಕೀ ಒಟ್ಟಿಗೆ ಒತ್ತುತ್ತಾಳೆ. ಕಪ್ಪು ಪರದೆಯ ಕಂಪ್ಯೂಟರು ಮಾತಾಡುತ್ತದೆ! ಕರ್ನಲ್ ಎದ್ದಿದೆ, ಚಿತ್ರ ಮಾತ್ರ ಮೂಡಿಲ್ಲ. ನನಗೇ ಹೋದ ಜೀವ ಬಂದಂತಾಗುತ್ತದೆ. ಕೊಟ್ರಬಸಪ್ಪನವರು ಚಹಾ ತರಿಸಲು ಓಡುತ್ತಾರೆ.

ಪರದೆ ಸರಿಪಡಿಸಲು ಶಿವಲೀಲಾ ಬಾಗಿದರೆ ಭೂಮಿಕಾ ಕುರ್ಚಿಯನ್ನೇ ಬಿಡುವುದಿಲ್ಲ. ಪಾಠಗಳ ಪೆನ್‌ಡ್ರೈವ್ ಆಗಲೇ ಚುಚ್ಚಿದ್ದಾಳೆ. "ಅದು ಆಮ್ಯಾಲ ಅಕ್ಕಾ. ನಾ ಓದಾಕ ಹತ್ತೀನಿ."

ಶಿವಲೀಲಾ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿ, ಹೊರಗಿನ ಕಟ್ಟೆಯ ಮೇಲೆ ಬಂದು ಕೂರುತ್ತಾರೆ.

"ಪರದಿ ಸಂಜಿಗೆ ಬಂದು ಮಾಡ್ತೀನಿ ಬಿಡ್ರಿ," ಎನ್ನುತ್ತಾರೆ. "ಅದು ಬೇಕಾಗಿರೋದು ನಮ್ಮಂಥ ಕಣ್ಣಿದ್ದವ್ರಿಗೆ."