ನೀರು ಹೊರಗೆ ಹೋಗುವ ತೂತು

ಹಲಸಿನ ಮೇಣವನ್ನು ಬೆಂಕಿಗೆ ಹಿಡಿದಾಗ ಬರುವ ವಾಸನೆ ಈಗಿನವರಿಗೆ ಗೊತ್ತಿರಲಾರದು. ಬೆಲ್ಲ ಸೀದಂತೆಯೂ ರಬ್ಬರು ಸುಟ್ಟಂತೆಯೂ ಇರುವ ವಾಸನೆ ಅದು. ನಮ್ಮ ಕಾಲದಲ್ಲಿ ಹಲಸು ಕೊಯ್ದವರು ಮೇಣವನ್ನು ಎಸೆಯುತ್ತಿರಲಿಲ್ಲ. ಕಡ್ಡಿಗೆ ಸುತ್ತಿ ಸುತ್ತಿ ಉಂಡೆ ಮಾಡಿ ಅಡುಗೆಮನೆಯ ಗೋಡೆಗೆ ಸಿಕ್ಕಿಸಿಡುತ್ತಿದ್ದರು. ಕೊಡ ಸೋರಲಿ, ಮರದ ಬಾನಿ ಬಿರಿಯಲಿ, ಮೇಣ ಕಾಯಿಸಿ ಮೆತ್ತಿದರೆ ಆಯಿತು. ಮೊನ್ನೆ ನೆಂಟರ ಮನೆಯಲ್ಲಿ ಹಲಸು ಕೊಯ್ದು, ಮೇಣ ಒರೆಸಿದ ಕಾಗದವನ್ನು ಒಲೆಗೆ ಹಾಕಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನೆನಪಾದದ್ದು ನಮ್ಮ ಅಡುಗೆಮನೆಯಲ್ಲ, ಒಂದು ಹಾಯಿದೋಣಿ.

ಕಾಫಿ ತೋಟದ ನಡುವೆ ಹಾಯಿದೋಣಿ ಎಲ್ಲಿಂದ ಬಂತು ಎಂದು ನಗಬೇಡಿ. ಬಣಕಲ್ಲಿನ ಆಚೆ ನಮ್ಮ ತೋಟಕ್ಕೆ ತಾಗಿಕೊಂಡು ಒಬ್ಬ ಬಿಳಿಯ ದೊರೆಯ ಎಸ್ಟೇಟಿತ್ತು. ಸಮುದ್ರದ ಊರಿನ ಮನುಷ್ಯ. ಬೆಟ್ಟ ನೋಡಿ ನೋಡಿ ಬೇಸತ್ತು ಮಂಗಳೂರಿನಿಂದ ಘಾಟಿ ಹತ್ತಿಸಿ ಗಾಡಿಯ ಮೇಲೆ ದೋಣಿ ತರಿಸಿದ್ದರಂತೆ. ಎರಡು ತೋಟಗಳ ಮಧ್ಯದ ದೊಡ್ಡ ಕೆರೆಯಲ್ಲಿ ಅದು ತೇಲುತ್ತಿತ್ತು. ನಾನು ಕಣ್ಣು ಬಿಡುವ ಹೊತ್ತಿಗೇ ಅದು ಮುದಿ ದೋಣಿ. ಬಣ್ಣ ಉದುರಿತ್ತು, ಹಾಯಿಗೆ ಹತ್ತಾರು ತೇಪೆ. ದೊರೆ ಎಸ್ಟೇಟು ಮಾರಿ ತಮ್ಮ ದೇಶಕ್ಕೆ ಹೊರಟಾಗ ದೋಣಿಯನ್ನು ಅಪ್ಪನಿಗೆ ಬಿಟ್ಟುಹೋದರು. ಕಾಫಿ ಗಿಡ ಬಿಟ್ಟರೆ ಬೇರೆ ಲೋಕವಿಲ್ಲದ ಅಪ್ಪ ಬೇಡ ಎನ್ನಲು ಸಂಕೋಚಪಟ್ಟು ಹೂಂ ಎಂದರು. ಒಂದು ಸಲ ಹತ್ತಿ ಕೂತು, ದೋಣಿ ಅಲ್ಲಾಡಿದ ಕೂಡಲೇ ಇಳಿದು ಬಂದವರು ಮತ್ತೆ ಹತ್ತಲಿಲ್ಲ.

ಹತ್ತಿದವರು ಗಿರಿಜತ್ತೆ. ಅಪ್ಪನ ತಂಗಿ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಆಗಿನ ಕಾಲ ನಿಮಗೆ ಗೊತ್ತಲ್ಲ. ಮದುವೆ ಮನೆಗೆ ಅವರನ್ನು ಕರೆಯುತ್ತಿರಲಿಲ್ಲ, ಯಾರಾದರೂ ಶುಭಕಾರ್ಯಕ್ಕೆ ಹೊರಟರೆ ಅವರು ಒಳಗೇ ಇರಬೇಕು, ಬಂಧುಗಳು ಬಂದರೆ ಅಡುಗೆಮನೆ ಬಿಟ್ಟು ಈಚೆ ಬರುವ ಹಾಗಿಲ್ಲ. ಕೆರೆಯ ಮೇಲೆ ಮಾತ್ರ ಅವರಿಗೆ ಎದುರಾಗುವವರು ಯಾರೂ ಇರಲಿಲ್ಲ. ದೊರೆ ಹಾಯಿ ಬಿಟ್ಟು ಹೋಗುತ್ತಿದ್ದಾಗ ದಡದಲ್ಲಿ ನಿಂತು ನೋಡಿಯೇ ಕಲಿತಿದ್ದರು. ಮಧ್ಯಾಹ್ನ ಚಾರ್ಮಾಡಿ ಕಡೆಯಿಂದ ಗಾಳಿ ಏಳುತ್ತಿತ್ತು. ಆಗ ಹಾಯಿ ಬಿಚ್ಚಿ, ಚುಕ್ಕಾಣಿ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತರೆ ಅತ್ತೆ ಬೇರೆಯೇ ಹೆಂಗಸು. ಅವರು ಬಾಯಿ ಬಿಟ್ಟು ನಕ್ಕದ್ದನ್ನು ನಾನು ಕೇಳಿದ್ದು ಆ ದೋಣಿಯಲ್ಲೇ, ಮನೆಯಲ್ಲಿ ಎಂದೂ ಇಲ್ಲ.

ಆ ದೋಣಿಯ ಮೇಲ್ಭಾಗಕ್ಕೆ ಹಲಗೆ ಹಾಸಿ ಸುತ್ತಲೂ ಗೇಣೆತ್ತರದ ಅಂಚು ಕಟ್ಟಿದ್ದರು. ಹಾಸಿನ ಮೇಲೆ ಬಿದ್ದ ಮಳೆನೀರು ಕೆರೆಗೆ ಇಳಿದುಹೋಗಲು ಅಂಚಿನ ಬುಡದಲ್ಲಿ, ಎರಡು ಬದಿಗೂ, ಹೆಬ್ಬೆರಳು ಹೋಗುವಷ್ಟು ತೂತುಗಳಿದ್ದವು. ದೋಣಿಯನ್ನು ಎತ್ತಿಟ್ಟರೆ ಹಲಗೆ ಒಣಗಿ ಬಾಯಿ ಬಿಡುತ್ತದೆಂದು ಮಳೆಗಾಲದಲ್ಲೂ ನೀರಿನಲ್ಲೇ ಕಟ್ಟಿರುತ್ತಿದ್ದರು. ಸುತ್ತಲೂ ಸಿಲ್ವರ್ ಓಕ್ ಮರ; ಅದರ ಎಲೆ ಉದುರಿ, ಕೊಳೆತು, ತೂತಿಗೆ ಬಿರಡೆ ಹಾಕಿದ ಹಾಗೆ ಕೂರುತ್ತಿತ್ತು. ನೀರು ಮೇಲೆ ನಿಂತರೆ ಹಳೆಯ ಹಲಗೆಗಳ ಸಂದಿಯಲ್ಲಿ ಇಳಿದು ದೋಣಿಯ ಹೊಟ್ಟೆ ತುಂಬುತ್ತದೆ. ಹೊರಡುವ ಮುಂಚೆ ದೊರೆ ತಮ್ಮ ಕನ್ನಡದಲ್ಲಿ ಹೇಳಿದ್ದರು: "ತೂತು ಕ್ಲೀನ್ ಇಲ್ಲಾ, ಬೋಟು ಇಲ್ಲಾ." ಅತ್ತೆ ದಿನಾ ಬೆಳಿಗ್ಗೆ ಪೊರಕೆ ಕಡ್ಡಿ ಹಿಡಿದು ಹೋಗಿ, ಎಲೆಯ ಕೊಳೆ ಕೆದಕಿ ತೆಗೆದು, ಒಂದು ಚೊಂಬು ನೀರು ಹೊಯ್ದು ಅದು ಸರಾಗ ಹರಿಯುವುದನ್ನು ನೋಡಿಯೇ ಬರುತ್ತಿದ್ದರು.

ಅಜ್ಜಿಗೆ ದೋಣಿ ಕಂಡರೆ ಆಗುತ್ತಿರಲಿಲ್ಲ. ಕೆರೆಯ ಕಡೆ ತಲೆಯೂ ಹಾಕುತ್ತಿರಲಿಲ್ಲ. "ಗಂಡಸ್ರಂಗೆ ಕಾಲು ಚಾಚಿ ಕೂತ್ಕಂಡು ಹೋಗ್ತಾಳೆ. ನೋಡ್ದೋರು ಏನಂತಾರೆ?" ಎಂದು ದಿನಕ್ಕೊಮ್ಮೆಯಾದರೂ ಗೊಣಗಬೇಕು.

ಒಂದು ವರ್ಷ ಮಳೆ ಹಿಡಿಯುವ ಹೊತ್ತಿಗೆ ಅತ್ತೆಗೆ ಚಳಿಜ್ವರ ಬಂತು. ಮಲೇರಿಯಾ ಇಲ್ಲದ ಮನೆ ಆಗ ನಮ್ಮ ಸೀಮೆಯಲ್ಲಿ ಇರಲಿಲ್ಲ. ಮೂರು ಕಂಬಳಿ ಹೊದಿಸಿದರೂ ಗಡಗಡ ನಡುಗುತ್ತ, ಜ್ವರದಲ್ಲೇ "ದೋಣಿ ನೋಡ್ಕಂಡು ಬನ್ನಿ, ಯಾರಾದ್ರೂ ನೋಡ್ಕಂಡು ಬನ್ನಿ" ಎನ್ನುತ್ತಿದ್ದರು. ಅಪ್ಪ ಸಸಿ ನೆಡಿಸುವ ಗಡಿಬಿಡಿಯಲ್ಲಿ ತೋಟದಲ್ಲಿದ್ದರು. ಅಜ್ಜಿ ಸುಮ್ಮನೆ ತಲೆಯಿಂದ ಬೆನ್ನಿನವರೆಗೆ ಮಳೆ ತಡೆಯುವ ಗೊರಬು ಹಾಕಿಕೊಂಡು ಹೊರಟರು. ಸಂಜೆ ಬಂದವರು ಮಗಳ ಹಣೆ ಮುಟ್ಟಿ, "ನೋಡ್ಕಂಡ್ ಬಂದೆ ಮಗಾ. ನಿನ್ನ ದೋಣಿಗೆ ಏನೂ ಆಗಲ್ಲ, ಮಲಕ್ಕ" ಎಂದರು. ಅತ್ತೆ ಆ ರಾತ್ರಿ ಕನವರಿಸದೆ ನಿದ್ದೆ ಮಾಡಿದರು.

ಆಮೇಲೆ ಆರಿದ್ರೆ ಮಳೆ ಹೊಡೆಯಿತು. ಹೊರಗೆ ಕಾಲಿಡಲಾಗದಂತಹ ಮಳೆ. ಅದು ಬಿಟ್ಟು ಹೊಳವಾದಾಗ ಕೆರೆಯ ಕಡೆ ಹೋಗಿದ್ದ ಅಪ್ಪ ಬಂದು, ದೋಣಿ ಮುಳುಗಿದೆ, ಹಾಯಿಯ ಕಂಬವಷ್ಟೇ ಕಾಣುತ್ತಿದೆ ಎಂದರು. ಗಂಜಿ ಕುಡಿಯುತ್ತಿದ್ದ ಅತ್ತೆ ಬಟ್ಟಲು ಕೆಳಗಿಟ್ಟರು. ಮಾತಾಡಿದವರು ಅಜ್ಜಿ.

"ಹೆಂಗೆ ಮುಳುಗ್ತು? ಎರಡು ಕಡೆನೂ ತೂತಿತ್ತು, ಮೇಣ ಕಾಸಿ ಎಲ್ಲ ಮುಚ್ಚಿದ್ನಲ್ಲ!"

ಎಲ್ಲಾದರೂ ಸೋರುತ್ತಿದ್ದರೆ ಇರಲಿ ಎಂದು ಮೇಣದ ಕಡ್ಡಿ, ಕೆಂಡದ ಮಡಕೆ ಎರಡನ್ನೂ ಗೊರಬಿನೊಳಗೆ ಹೊತ್ತು ಹೋಗಿದ್ದರಂತೆ. ಸೋರುವ ಕೊಡಕ್ಕೆ ಮಾಡುವುದನ್ನೇ ದೋಣಿಗೂ ಮಾಡಿದ್ದರು. ತೂತಿರುವ ದೋಣಿಯಲ್ಲಿ ಮಗಳು ಇಷ್ಟು ದಿನ ಹೇಗೆ ಹೋಗುತ್ತಿದ್ದಳೋ ಎಂದು ಒಂದು ತೂತನ್ನೂ ಬಿಡದೆ ಮುಚ್ಚಿದ್ದರಂತೆ.

ಅತ್ತೆ ಮೆಲ್ಲಗೆ, "ಅದು ನೀರು ಹೊರಗೆ ಹೋಗೋ ತೂತು, ಅವ್ವಾ" ಎಂದರು. ಅಷ್ಟೇ. ಗೋಡೆ ಕಡೆ ತಿರುಗಿ ಮಲಗಿದರು.

ಅಪ್ಪ ಕೆಟ್ಟವರಲ್ಲ. ಆದರೂ ಅವರ ಮುಖದಲ್ಲಿ ನಿರಾಳ ಕಂಡಿತು. "ಹೋಗ್ಲಿ ಬಿಡಿ, ಒಂದು ತಲೆನೋವು ಕಳೀತು" ಎಂದರು. ಅಜ್ಜಿ ನೆಲಕ್ಕೆ ಕೈಯೂರಿ ಎದ್ದು ನಿಂತರು.

"ಎತ್ಸು."

"ಏನವ್ವಾ, ನೀನೇ ದಿನಾ ಬೈತಿದ್ದೆ."

"ಬೈತಿದ್ದೆ. ಈಗ ಹೇಳ್ತಿದೀನಿ, ಎತ್ಸು. ಈ ಊರಲ್ಲಿ ನನ್ನ ಮಗಳು ನೆಮ್ಮದಿಯಾಗಿ ಕೂರೋಕೆ ಬೇರೆ ಎಲ್ಲಿ ಜಾಗ ಕೊಟ್ಟಿದೀಯ ನೀನು?"

"ಮಳೆ ನಿಲ್ಲಲಿ, ಎತ್ತಿಸ್ತೀನಿ" ಎಂದರು ಅಪ್ಪ.

ಮಳೆಗಾಲ ಕಳೆದ ಮೇಲೆ ಆಳುಗಳು ಹಗ್ಗ ಹಾಕಿ ದೋಣಿಯನ್ನು ದಡಕ್ಕೆ ಎಳೆದರು. ಮೇಣ ತೂತಿನಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅಜ್ಜಿಯ ಕೆಲಸ ಯಾವಾಗಲೂ ಅಚ್ಚುಕಟ್ಟು. ಬಡಗಿ ಕೆಟ್ಟ ಹಲಗೆ ಬದಲಾಯಿಸಿದ. ಅತ್ತೆ ಮತ್ತೆ ಹಾಯಿ ಬಿಚ್ಚಿದರು. ಅಂದಿನಿಂದ ಬೆಳಗಿನ ಕೆಲಸ ಮಾತ್ರ ಅಜ್ಜಿಯ ಪಾಲಾಯಿತು. ಪೊರಕೆ ಕಡ್ಡಿ ಹಿಡಿದು, ಗೊಣಗುತ್ತಲೇ ಹೋಗಿ ತೂತು ಕೆದಕಿ ಬರುತ್ತಿದ್ದರು. ಬೈಗುಳವೂ ನಿಲ್ಲಲಿಲ್ಲ, ಕೆಲಸವೂ ತಪ್ಪಲಿಲ್ಲ.

ಕೆಲವು ವರ್ಷಗಳಾದ ಮೇಲೆ ಅದೇ ಜ್ವರ ಗಿರಿಜತ್ತೆಯನ್ನು ಕೊಂಡೊಯ್ದಿತು. ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬರುತ್ತದೆ. ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟುಹೋದ ಮರುದಿನ ಬೆಳಿಗ್ಗೆ ಅಜ್ಜಿ ಮನೆಯಲ್ಲಿ ಕಾಣಲಿಲ್ಲ. ಹುಡುಕಿಕೊಂಡು ಕೆರೆಗೆ ಹೋದೆ. ದೋಣಿಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು ತೂತಿನಿಂದ ಎಲೆ ಕೆದಕುತ್ತಿದ್ದರು.

"ಇನ್ಯಾಕಜ್ಜಿ? ಇದ್ರಲ್ಲಿ ಹೋಗೋರು ಯಾರಿದಾರೆ?" ಎಂದೆ.

ಅಜ್ಜಿ ತಲೆಯೆತ್ತಲಿಲ್ಲ. "ಮಳೆ ಬರ್ತದಲ್ಲ ಮಗಾ" ಎಂದರು.

ನಾನು ಒಂದು ಕಡ್ಡಿ ಮುರಿದುಕೊಂಡು ಆಚೆ ಬದಿಯ ತೂತಿನ ಹತ್ತಿರ ಕೂತೆ.