ಇಬ್ಬರೂ ಒಟ್ಟಿಗೆ ಒತ್ತಿದ ಬಟನ್

ಬಂದರಿನವರು ಅವನನ್ನು ತಂತಿಯಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷದಿಂದ ಕಂಡವರ ದೋಣಿಗಳಿಗೆಲ್ಲ ರೇಡಿಯೋ ಕೂರಿಸಿದವನು, ತನ್ನ ಬಾಯಿಗೆ ಮಾತ್ರ ಬೀಗ ಹಾಕಿಕೊಂಡವನು. ವರ್ಕ್‌ಶಾಪಿನ ಮೇಲಿನ ಎರಡು ಕೋಣೆಗಳಲ್ಲಿ ಅವನೂ ಅವನ ಅಕ್ಕನೂ ಇದ್ದರು, ಬೇರೆ ಯಾರೂ ಇರಲಿಲ್ಲ. ನರ್ಸ್ ಕೆಲಸದಿಂದ ನಿವೃತ್ತಳಾದ ಅಕ್ಕ ಹಳೆಯ ಹಾಯಿದೋಣಿಯೊಂದನ್ನು ಕೊಂಡು, ಒಬ್ಬಳೇ ಸಾಗರ ದಾಟಿ ಬರುತ್ತೇನೆ ಎಂದಾಗ ತಮ್ಮ ಮುಖ ಊದಿಸಿಕೊಂಡ. ಬೇಡ ಎನ್ನಲಿಲ್ಲ. ಅಂದುಬಿಟ್ಟರೆ ತನಗೆ ಒಂಟಿತನದ ಹೆದರಿಕೆ ಎಂದು ಒಪ್ಪಿಕೊಂಡಂತಾಗುತ್ತದಲ್ಲ, ಮಹಾರಾಯನ ಮರ್ಯಾದೆ ಏನಾಗಬೇಕು?

ಬದಲಿಗೆ ಎಂಟು ದಿನ ಅವಳ ದೋಣಿಯಲ್ಲೇ ಕೂತು ಕೆಲಸ ಮಾಡಿದ. ಬಂದರಿನ ಆಸುಪಾಸಿಗೊಂದು ರೇಡಿಯೋ, ನಡುಗಡಲಿಗೊಂದು. ಹಾಯಿಕಂಬದ ತುದಿಗೆ ತಾನೇ ಹತ್ತಿ ಆಂಟೆನಾ ಕಟ್ಟಿದ. ಉಪ್ಪುನೀರು ಸೇರದಂತೆ ಪ್ರತಿ ಬೆಸುಗೆಗೂ ಮೂರು ಸುತ್ತು ಟೇಪು ಹಾಕಿದ.

"ಸಾಕು ಬಿಡೋ, ಹೀಗೇ ಬಿಟ್ರೆ ನನ್ನೂ ಸುತ್ತಿಬಿಡ್ತೀಯ" ಎಂದು ಅಕ್ಕ ನಕ್ಕಳು. ಇವನು ನಗಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಕೊನೆಯ ಪರೀಕ್ಷೆ. ಅವಳು ದೋಣಿಯಲ್ಲಿ, ಇವನು ವರ್ಕ್‌ಶಾಪಿನ ಸೆಟ್ಟಿನ ಮುಂದೆ. ಬಟನ್ ಒತ್ತಿಕೊಂಡವರಿಗೆ ಮಾತಾಡಲು ಆಗುತ್ತದೆ, ಕೇಳಿಸಿಕೊಳ್ಳಲು ಆಗುವುದಿಲ್ಲ. ಮುಗಿದ ಮೇಲೆ 'ಓವರ್' ಎಂದು ಕೈ ತೆಗೆಯಬೇಕು, ಎದುರಿನವರು ಅಲ್ಲಿಯವರೆಗೆ ಕಾಯಬೇಕು. ಊರಿಗೆಲ್ಲ ಇದನ್ನು ಕಲಿಸಿದವನೇ ಅಂದು ಕಾಯಲಿಲ್ಲ. ಅವಳ ಮುಖ ಎದುರಿಗಿಲ್ಲ ಎಂಬ ಧೈರ್ಯವೋ ಏನೋ, ಗಬಕ್ಕನೆ ಒತ್ತಿ ಒಂದೇ ಉಸಿರಿಗೆ ಹೇಳಿಬಿಟ್ಟ.

"ಅಕ್ಕಾ, ಹೋಗ್ಬೇಡ ಕಣೇ. ನೀನಿಲ್ದೆ ಆ ಮನೇಲಿ ನಂಗೆ ಇರಕ್ಕಾಗಲ್ಲ. ಓವರ್."

ಒಂದಷ್ಟು ಕರಕರ ಸದ್ದು, ಆಮೇಲೆ ಅವಳ ದನಿ: "ಅಯ್ಯೋ, ನಾನೂ ಒತ್ಕೊಂಡಿದ್ದೆ. ಏನಂದೆ? ಓವರ್."

ಇನ್ನೊಮ್ಮೆ ಹೇಳುವ ಗಂಡೆದೆ ಎಲ್ಲಿಂದ ಬರಬೇಕು?

"ಏನಿಲ್ಲ, ಟೆಸ್ಟಿಂಗ್. ನೀನೇನಂದೆ? ಓವರ್."

"ನಾನೂ ಅಷ್ಟೇ. ಓವರ್."

ಮಧ್ಯಾಹ್ನಕ್ಕೆ ದೋಣಿ ಹೊರಟಿತು.

ಮೂರನೆಯ ದಿನ ಡೀಸೆಲ್ ಪಂಪಿನಾಕೆ ಚಾರ್ಜರ್ ರಿಪೇರಿಗೆಂದು ಬಂದಳು. ಅವಳ ಪಂಪು ಇದ್ದದ್ದು ಅಕ್ಕನ ದೋಣಿಯ ಮಗ್ಗುಲಲ್ಲೇ, ಹಾಗಾಗಿ ಅಂದು ಇಬ್ಬರೂ ಒಟ್ಟಿಗೆ ಒತ್ತಿದಾಗ ಅವಳ ರೇಡಿಯೋಗೆ ಸಿಕ್ಕಿದ್ದು ಹತ್ತಿರವಿದ್ದ ಅಕ್ಕನ ದನಿ ಮಾತ್ರ.

"ಅಲ್ಲ ತಂತಿಯಣ್ಣ, ನಿಮ್ಮಕ್ಕ ಅಷ್ಟು ಕೇಳ್ಕೊಂಡ್ರೂ ನಿಮಗೆ ಬಾಯಿ ಬರ್ಲಿಲ್ವಾ?"

"ಏನ್ ಕೇಳ್ಕೊಂಡ್ಲು?"

"'ಒಂದ್ಸಲ ಬೇಡ ಅನ್ನೋ, ಇಲ್ಲೇ ಇದ್ಬಿಡ್ತೀನಿ' ಅಂದ್ರಲ್ಲ!"

ಆಕೆ ಹೋದ ಮೇಲೂ ಅವನು ಚಾರ್ಜರನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ. ಅಷ್ಟು ಒಂಟಿ ಹಿಂದೆಂದೂ ಆಗಿರಲಿಲ್ಲ.

ಸಂಜೆ ಐದಕ್ಕೆ, ಗೊತ್ತುಮಾಡಿಕೊಂಡ ಹೊತ್ತಿಗೆ ಸರಿಯಾಗಿ, ನಡುಗಡಲಿನಿಂದ ಅಕ್ಕ ರೇಡಿಯೋದಲ್ಲಿ ಬಂದಳು. ಅಂಥ ಖುಷಿಯನ್ನು ಅವಳ ದನಿಯಲ್ಲಿ ಅವನು ಎಂದೂ ಕೇಳಿರಲಿಲ್ಲ.

"ಡಾಲ್ಫಿನ್ ಕಣೋ! ದೋಣಿ ಜೊತೆಜೊತೆಗೇ ಬರ್ತಿವೆ! ನೀನು ಹೇಗಿದೀಯ? ಓವರ್."

ಈಗ ಒಂದು ಮಾತು ಅಂದರೆ ಸಾಕು, ಅವಳು ದೋಣಿ ತಿರುಗಿಸುತ್ತಾಳೆ. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಬಟನ್ ಒತ್ತಿದ.

"ನಂಗೇನಾಗಿದೆ, ಆರಾಮಾಗಿದೀನಿ. ಎಷ್ಟಿವೆ ಡಾಲ್ಫಿನ್? ಓವರ್."